ಕೈ ಹಿಂದೆ ಕಟ್ಟಿಕೊಂಡ ಅತ್ತಿಗೆ

ನಮ್ಮ ಅತ್ತಿಗೆಯ ಕೈಗಳು ವಾರದಲ್ಲಿ ಆರು ದಿನ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಏಳನೆಯ ದಿನ ಅವು ಬೆನ್ನ ಹಿಂದೆ ಇರುತ್ತವೆ. ನಾನು ಹೇಳಹೊರಟಿರುವುದು ಆ ಏಳನೆಯ ದಿನದ ವಿಷಯ. ಆದರೆ ಆರು ದಿನದ ಸುದ್ದಿ ಗೊತ್ತಿಲ್ಲದವರಿಗೆ ಏಳನೆಯ ದಿನದ ಬೆಲೆ ತಿಳಿಯುವುದಿಲ್ಲ.

ನನ್ನದು ಹಾರ್ಡ್‌ವೇರ್ ಅಂಗಡಿ. ಮುಂದುಗಡೆ ಮೊಳೆ, ಬೀಗ, ಬಕೆಟ್ಟು, ಪೈಪು, ಹಗ್ಗದ ಸುರುಳಿಗಳು. ಹಿಂದುಗಡೆ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ. ಅವರು ರವಿಕೆ, ಲಂಗ ಹೊಲಿಯುವವರಲ್ಲ, ಟಾರ್ಪಾಲು ಹೊಲಿಯುವವರು. ಲಾರಿಯ ಹೊದಿಕೆ, ಅಂಗಡಿಗಳ ಮುಂದಿನ ನೆರಳು, ತಳ್ಳುಗಾಡಿಯ ಮಾಡು ಎಲ್ಲವೂ ಅವರ ಸೂಜಿಯ ಕೆಳಗೆ ಹಾದು ಬಂದವೇ. ಅವರು ಯಂತ್ರ ತುಳಿದರೆ ನನ್ನ ಗಲ್ಲಾಪೆಟ್ಟಿಗೆಯ ಮೇಲಿನ ತಿರುಪುಮೊಳೆಗಳು ಕುಣಿಯುತ್ತವೆ. ಹೆಬ್ಬೆರಳಿಗೆ ಒಂದು ಚರ್ಮದ ಪಟ್ಟಿ, ಹಲ್ಲುಗಳ ನಡುವೆ ಒಂದು ದಬ್ಬಳ, ಮೊಣಕಾಲ ಮೇಲೆ ಆನೆಯ ಕಿವಿಯಂಥ ಕ್ಯಾನ್ವಾಸು. ಅವರು ಹಾಕಿದ ಹೊಲಿಗೆ ಬಿಚ್ಚಿತೆಂದು ಯಾರೂ ಇದುವರೆಗೆ ವಾಪಸು ಬಂದಿಲ್ಲ. ಇದರಿಂದ ಅಂಗಡಿಗೆ ನಷ್ಟ, ಒಮ್ಮೆ ಕೊಂಡವನ ಮುಖ ಮತ್ತೆ ನೋಡುವುದು ಯಾವಾಗ ಎಂದು ಒಂದು ಸಲ ಅವರಿಗೆ ಹೇಳಿದೆ. ದಬ್ಬಳವನ್ನು ಬಾಯಿಂದ ತೆಗೆದು, "ಹಾಗಾದ್ರೆ ಬೀಗ ಜಾಸ್ತಿ ಇಡು ಮೈದುನ. ಕೀ ಕಳ್ಕೊಳ್ಳೋರಿಗೆ ಬರ ಇಲ್ಲ" ಎಂದು ಮತ್ತೆ ಬಾಯಿಗಿಟ್ಟುಕೊಂಡರು.

ಅವರು ನಮ್ಮ ಮನೆಗೆ ಬಂದಾಗ ನನಗಿನ್ನೂ ಮೀಸೆ ಮೊಳೆಯುತ್ತಿತ್ತು. ಅಣ್ಣನಿಗೆ ಮಾತು ಮೊಳೆತಿರಲಿಲ್ಲ, ಇವತ್ತಿಗೂ ಮೊಳೆತಿಲ್ಲ. ಅವನು ನೀರು ಸರಬರಾಜಿನವರ ಬಳಿ ವಾಲ್ವು ತಿರುಗಿಸುವ ಕೆಲಸದಲ್ಲಿದ್ದಾನೆ. ಊರಿಗೆಲ್ಲ ನೀರು ಬಿಡುವವನು ಮನೆಯಲ್ಲಿ ಮಾತು ಬಿಡುವುದಿಲ್ಲ. ಹೀಗಾಗಿ ಆ ಮನೆಯ ಮಾತಿನ ಭಾರವೆಲ್ಲ ಅತ್ತಿಗೆಯ ಮೇಲೆ ಬಿತ್ತು. ಅವರಾದರೂ ವಾಚಾಳಿಯಲ್ಲ. ಕ್ಯಾನ್ವಾಸಿನ ಹಾಗೆ ಮಾತನ್ನೂ ಅಳತೆ ಮಾಡಿಯೇ ಕತ್ತರಿಸುತ್ತಾರೆ.

ಅವರು ಹೆಣ್ಣುಮಕ್ಕಳ ದಳಕ್ಕೆ ಸೇರಿಕೊಂಡದ್ದು ಹೇಗೆಂದರೆ, ಸೇರಿಕೊಳ್ಳಲೇ ಇಲ್ಲ. ನನ್ನ ಅಂಗಡಿಯ ಎದುರಿಗೆ ಹಳೆಯ ವಾಚನಾಲಯ, ಅದರ ಪಕ್ಕಕ್ಕೆ ಒಂದು ಸಭಾಂಗಣ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ನೀಲಿ ಸ್ಕಾರ್ಫು ಕಟ್ಟಿಕೊಂಡ ಹುಡುಗಿಯರು ಸೇರುತ್ತಾರೆ. ಆಟ, ಹಾಡು, ಗಂಟು ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಯಲಿನಲ್ಲಿ ಒಲೆ ಹೂಡುವುದು, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರುವುದು. ಈ ಕೊನೆಯದನ್ನು ಕಲಿಸುವುದಕ್ಕೇ ಅರ್ಧ ಬೆಳಿಗ್ಗೆ ಹೋಗುತ್ತದೆ. ಅತ್ತಿಗೆ ಮಗಳನ್ನು ಬಿಟ್ಟು ಬರಲೆಂದು ಮೊದಲ ಭಾನುವಾರ ಹೋದರು. ಆಗ ದಳ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಒಂದು ಹಗ್ಗದ ತುದಿಯನ್ನು ಇವರ ಕೈಗಿಟ್ಟು, "ಒಂದ್ ನಿಮಿಷ ಇದನ್ನ ಹಿಡ್ಕೊಂಡಿರ್ತೀರಾಮ್ಮ?" ಎಂದು ಆಚೆ ಹೋದರು. ಮಗಳು ದಳ ಬಿಟ್ಟಳು, ಓದು ಮುಗಿಸಿದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಆ ಹಿರಿಯ ಹೆಂಗಸೂ ವಯಸ್ಸಾಗಿ ಮನೆ ಸೇರಿದರು. ಅತ್ತಿಗೆಯ ಆ ಒಂದು ನಿಮಿಷ ಮಾತ್ರ ಇನ್ನೂ ಮುಗಿದಿಲ್ಲ.

ಸಂಬಳವಿಲ್ಲದ ಕೆಲಸಕ್ಕೆ ಜನ ತಡವಾಗಿ ಬಂದು ಬೇಗ ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅತ್ತಿಗೆಯದು ತಿರುಗುಮುರುಗು. ಎಲ್ಲರಿಗಿಂತ ಮುಂಚೆ ಹೋಗಿ ಸಭಾಂಗಣದ ಬಾಗಿಲು ತೆಗೆಯುತ್ತಾರೆ. ಹಿಂಬಾಗಿಲ ಚಿಲಕ ಎಳೆದು ನೋಡುತ್ತಾರೆ, ಸ್ನಾನದಮನೆಯ ನೆಲ ಜಾರುತ್ತದೆಯೇ ಎಂದು ಕಾಲಿಟ್ಟು ನೋಡುತ್ತಾರೆ, ಔಷಧಿ ಪೆಟ್ಟಿಗೆ ಬಿಚ್ಚಿ ಮುಚ್ಚುತ್ತಾರೆ. ಯಾವ ಹುಡುಗಿಗೆ ಓಡಿದರೆ ಉಬ್ಬಸ, ಯಾರಿಗೆ ಕಡಲೆಬೀಜ ಆಗದು, ಯಾರು ಈ ವಾರ ಮನೆಯಲ್ಲಿ ಜಗಳ ಕೇಳಿ ಬಂದಿದ್ದಾಳೆ, ಎಲ್ಲವೂ ಅವರಿಗೆ ಗೊತ್ತು. ಅವರಿಗೆ ಗೊತ್ತು ಎನ್ನುವುದು ಬೇರೆಯವರಿಗೆ ಗೊತ್ತಿಲ್ಲ. ಕೊನೆಯ ಹುಡುಗಿಯನ್ನು ಮನೆಯವರು ಬಂದು ಕರೆದುಕೊಂಡು ಹೋಗುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಬ್ಬರೇ ಅಲ್ಲ, ಜೊತೆಗೆ ದಳ ನಡೆಸುವ ಇನ್ನೊಬ್ಬ ಅಕ್ಕ ಇರಲೇಬೇಕು. ದೊಡ್ಡವರು ಒಬ್ಬರೇ ಮಕ್ಕಳ ಜೊತೆ ಇರಕೂಡದು ಎನ್ನುವುದು ದಳದ ಮೊದಲ ಕಟ್ಟಳೆ. ಅಕ್ಕಂದಿರು ಇಬ್ಬರಿಲ್ಲದಿದ್ದರೆ ಬಾಗಿಲಿಗೆ ಬೀಗ.

ಒಂದು ಸಲ ಎತ್ತರದ ಗಂಡಸೊಬ್ಬರು ಬಂದು, "ನಾನು ಅವಳ ಚಿಕ್ಕಪ್ಪ, ಕಳಿಸಿ" ಎಂದರು. ಹುಡುಗಿ ಹೌದು ಚಿಕ್ಕಪ್ಪ ಎಂದಳು. ಅತ್ತಿಗೆ ಕಳಿಸಲಿಲ್ಲ. ಚಿಕ್ಕಪ್ಪನಾಗಿರಬಹುದು, ಆದರೆ ನೀವು ಬರುತ್ತೀರೆಂದು ಇವಳ ಅಮ್ಮ ನನಗೆ ಹೇಳಿಲ್ಲ ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಅವರು ಕೂಗಾಡಿದರು. ಬೀದಿಯೆಲ್ಲ ಕೇಳಿಸಿಕೊಂಡಿತು, ನಾನಂತೂ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು ಕೇಳಿಸಿಕೊಂಡೆ. ಅಮ್ಮನ ಫೋನು ಸಿಗುವವರೆಗೂ ಅವರಿಗೆ ಬೆಂಚಿನಿಂದ ಏಳಲಾಗಲಿಲ್ಲ. ಆತ ನಿಜವಾಗಿಯೂ ಚಿಕ್ಕಪ್ಪನೇ. ಈಗ ನನ್ನ ಅಂಗಡಿಗೆ ನಲ್ಲಿ, ಪೈಪಿಗೆಂದು ಬರುತ್ತಾರೆ, ಆದರೆ ಎದುರಿನ ಸಭಾಂಗಣದ ಕಡೆಗೆ ಮುಖ ತಿರುಗಿಸುವುದಿಲ್ಲ. ಆದರೂ ಅವರ ಮಗಳು ಹುಟ್ಟಿ ಬೆಳೆದ ಮೇಲೆ ಅವಳನ್ನು ನೇರ ತಂದು ಅತ್ತಿಗೆಯ ದಳಕ್ಕೇ ಸೇರಿಸಿದರು. ಬೈದ ಅಂಗಡಿಗೇ ಗಿರಾಕಿ ಮತ್ತೆ ಬಂದನೆಂದರೆ ಸರಕು ಚೆನ್ನಾಗಿದೆಯೆಂದು ಅರ್ಥ.

ಇನ್ನು ಕೈಗಳ ವಿಷಯ. ಹುಡುಗಿಯರು ಏನಾದರೂ ಮಾಡುತ್ತಿರುವಾಗ ಅಕ್ಕಂದಿರ ಕೈ ಬೆನ್ನ ಹಿಂದೆ ಇರಬೇಕೆಂಬುದು ಅತ್ತಿಗೆಯ ಸ್ವಂತ ಕಾನೂನು. ನೀರು, ಬೆಂಕಿ, ರಸ್ತೆ, ಈ ಮೂರರ ಹತ್ತಿರ ಕೈ ಮುಂದೆ. ಉಳಿದ ಕಡೆಯೆಲ್ಲ ಹಿಂದೆ. ಗಂಟು ತಪ್ಪಲಿ, ಗೂಟ ಓರೆಯಾಗಲಿ, ಹಿಟ್ಟು ನೀರಾಗಲಿ, ಕೈ ಮುಂದೆ ಬರುವಂತಿಲ್ಲ. ಒಮ್ಮೆ ಹುಡುಗಿಯರು ಸುಟ್ಟ ಆಲೂಗಡ್ಡೆ ಹೊರಗೆ ಕರಕಲು, ಒಳಗೆ ಹಸಿ. ಅತ್ತಿಗೆ ಸಾವಧಾನವಾಗಿ ತಿಂದು, ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಸರಿಯಾಗಿಯೇ ಬೆಂದಿದೆ ಎಂದರಂತೆ. ಟಾರ್ಪಾಲಿನಲ್ಲಿ ಎಳೆ ಓರೆಯಾದರೆ ಇಡೀ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಹೆಂಗಸು ಇವರೇ. ಆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದಿರುತ್ತದೆ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಅತ್ತಿಗೆಯ ಜೊತೆಗಿದ್ದ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಇನ್ನೊಬ್ಬ ಅಕ್ಕನಿಗೆ ದೂರದ ಊರಿಗೆ ವರ್ಗವಾಯಿತು. ಅಕ್ಕಂದಿರು ಇಬ್ಬರಿಲ್ಲದಿದ್ದರೆ ದಳವಿಲ್ಲ. ಅತ್ತಿಗೆ ಮೊದಲು ಹಿಡಿದದ್ದು ನನ್ನ ಹೆಂಡತಿಯನ್ನು. ಅವಳು ಕೆಲವು ಭಾನುವಾರ ಹೋದಳು, ಕುರ್ಚಿಯಲ್ಲಿ ಕೂತು ತೂಕಡಿಸಿದಳು, ಹುಡುಗಿಯರು ಅವಳನ್ನೇ ಗಾಯಾಳು ಮಾಡಿ ತಲೆಯಿಂದ ಕಾಲಿನವರೆಗೆ ಪಟ್ಟಿ ಸುತ್ತಿದರು. ಮನೆಗೆ ಬಂದು, ನನಗೆ ಒಂದು ಮಗು ಸಾಕುವುದೇ ಸಾಕಾಗಿದೆ ಎಂದು ನನ್ನ ಕಡೆ ನೋಡಿ ರಾಜೀನಾಮೆ ಕೊಟ್ಟಳು.

ಆಗ ಸಿಕ್ಕವಳು ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಎಳ್ಳು ಅನ್ನುವಷ್ಟರಲ್ಲಿ ಎಣ್ಣೆ ತಂದಿಡುವವಳು. ಮಕ್ಕಳೆಂದರೆ ಪ್ರಾಣ. ಅವಳು ಬಂದ ಮೊದಲ ದಿನವೇ ದಳದವರು ಅವಳನ್ನು ಚಿಕ್ಕಕ್ಕ ಎಂದರು. ಅತ್ತಿಗೆ ಅದರೊಂದಿಗೆ ದೊಡ್ಡಕ್ಕನಾದರು. ಅವಳಲ್ಲಿ ಐಬೆಂದರೆ ಒಂದೇ, ಅದೂ ಅವಳ ಕಸುಬು ಕೊಟ್ಟದ್ದು. ಔಷಧಿ ಅಂಗಡಿಯಲ್ಲಿ ಬೇರೆಯವರ ಕೈಯನ್ನು ನಂಬುವ ಹಾಗಿಲ್ಲ. ಇನ್ನೊಬ್ಬರು ತೆಗೆದಿಟ್ಟ ಮಾತ್ರೆಯನ್ನು ತಾನೂ ಒಮ್ಮೆ ತಿರುಗಿಸಿ ನೋಡಿಯೇ ಕೊಡಬೇಕು, ಇಲ್ಲದಿದ್ದರೆ ಯಾರದೋ ಜೀವಕ್ಕೆ ಬರುತ್ತದೆ. ಆ ಅಭ್ಯಾಸ ಅವಳ ಜೊತೆ ಬೀದಿ ದಾಟಿ ಸಭಾಂಗಣಕ್ಕೂ ಬಂತು. ಹುಡುಗಿಯರು ಮಡಚಿದ ಕಂಬಳಿಯನ್ನು ಮತ್ತೆ ಮಡಚುವಳು. ಅವರು ಗುಡಿಸಿದ ಮೂಲೆಯನ್ನು ಮತ್ತೆ ಗುಡಿಸುವಳು. ಸ್ವಲ್ಪ ದಿನದಲ್ಲೇ ಹುಡುಗಿಯರು ಮೂಲೆ ಗುಡಿಸುವುದನ್ನು ಬಿಟ್ಟರು. ಹೇಗೂ ಚಿಕ್ಕಕ್ಕ ಇದ್ದಾರಲ್ಲ. ಮಕ್ಕಳೆಂದರೆ ವ್ಯಾಪಾರಿಗಳಿಗಿಂತ ಚತುರರು.

ಅತ್ತಿಗೆ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಕೈ." ಚಿಕ್ಕಕ್ಕ ತಟ್ಟನೆ ಕೈ ಹಿಂದೆ ಕಟ್ಟಿಕೊಳ್ಳುವಳು. ಬುಟ್ಟಿಯಡಿ ಮುಚ್ಚಿಟ್ಟ ಬೆಕ್ಕಿನ ಮರಿಗಳ ಹಾಗೆ ಸ್ವಲ್ಪ ಹೊತ್ತಿಗೆ ಅವು ಮತ್ತೆ ಹೊರಗೆ ಬರುವವು.

ಹೊಸ ಅಕ್ಕನನ್ನು ದಳಕ್ಕೆ ಪಕ್ಕಾ ಮಾಡಬೇಕಾದವರು ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಮೇಡಂ. ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಗಂಜಿ ಹಾಕಿದ ಬಟ್ಟೆ, ಗಂಜಿ ಹಾಕಿದ ಮಾತು. ಶಿಬಿರದಲ್ಲಿ ಹುಡುಗಿಯ ಕೆಲಸ ನೋಡಿ ಹೇಳುತ್ತೇನೆ, ಆಗದು ಎನಿಸಿದರೆ ಆಗದು ಎನ್ನುತ್ತೇನೆ ಎಂದು ತಿಳಿಸಿದ್ದರು. ಆಗದು ಎಂದರೆ ಮುಂದಿನ ಭಾನುವಾರದಿಂದ ಸಭಾಂಗಣಕ್ಕೆ ಬೀಗ. ಅತ್ತಿಗೆ ಇಡೀ ಬೀದಿಯ ಹೆಂಗಸರನ್ನು ಆಗಲೇ ಕೇಳಿ ಮುಗಿಸಿದ್ದರು. ಮೂರನೆಯವಳು ಎಲ್ಲಿಯೂ ಇರಲಿಲ್ಲ.

ಶಿಬಿರ ಊರಾಚೆ, ಕೆರೆಯ ಪಕ್ಕದ ತೋಪಿನಲ್ಲಿ. ಸಾಮಾನು ಸಾಗಿಸುವುದು ನನ್ನ ವ್ಯಾನು. ತೋಪಿನ ಸುತ್ತ ಹುಡುಗಿಯರು ಒಂದು ಹಗ್ಗ ಕಟ್ಟಿದ್ದರು. ಗಂಡಸರು ಹಗ್ಗದಿಂದ ಆಚೆ. ನಾನೇ ಕೊಟ್ಟ ಹಗ್ಗ, ನನ್ನನ್ನೇ ಆಚೆ ನಿಲ್ಲಿಸಿತು. ಸಂಜೆ ಮೇಡಮ್ಮನ್ನು ವಾಪಸು ಕರೆದೊಯ್ಯುವುದೂ ನನ್ನ ಹೊಣೆಯಾದ್ದರಿಂದ ವ್ಯಾನಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೆಳಗಿನಿಂದ ಸಂಜೆಯವರೆಗೆ ಅಂಗಡಿ ಕಾಯುವವನಿಗೆ ಕೂತು ನೋಡುವುದೇನು ಹೊಸದಲ್ಲ.

ಮೇಡಂ ಬಂದಾಗ ತೋರಿಸಲೆಂದು ದೊಡ್ಡ ಟಾರ್ಪಾಲಿನ ಡೇರೆ ಎತ್ತುವ ಕೆಲಸ ಒಂದು ಗುಂಪಿಗೆ ಬಿದ್ದಿತ್ತು. ಆ ಗುಂಪಿನ ನಾಯಕಿ ಸೈಕಲ್ ಶಾಪಿನವನ ಮಗಳು. ತೆಳ್ಳಗಿದ್ದಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ. ಹಿಂದಿನ ವಾರ ಹಗ್ಗಕ್ಕೆ ಬಂದವಳು ನನ್ನ ಹೊಳೆಯುವ ನೈಲಾನನ್ನು ಮುಟ್ಟಿ ನೋಡಿ ಪಕ್ಕಕ್ಕೆ ತಳ್ಳಿದ್ದಳು. ಗಂಟು ಜಾರತ್ತೆ ಎಂದಳು. ನಾನು ಅದರ ಗುಣಗಾನ ಮಾಡಹೋದರೆ, "ನೀವು ಇದ್ರಲ್ಲಿ ಗಂಟು ಹಾಕಿ ತೋರ್ಸಿ ಮಾವ" ಎಂದಳು. ನಾನು ನೂಲಿನ ಹಗ್ಗವನ್ನೇ ಸುತ್ತಿಕೊಟ್ಟೆ.

ಡೇರೆಯ ಏರ್ಪಾಡು ಸರಳ. ಎರಡು ಮರಗಳ ನಡುವೆ ಒಂದು ನಡು ಹಗ್ಗ, ಅದರ ಮೇಲೆ ಟಾರ್ಪಾಲು, ಅಂಚುಗಳಿಗೆ ಗೂಟ. ಮುಂದಿನ ಅಂಚನ್ನು ಮಾತ್ರ ಮೇಲೆತ್ತಿ ಕೊಂಬೆಗೆ ಕಟ್ಟಿದ್ದರು. ಅದಕ್ಕೆ ಅವರು ಸೆರಗು ಎಂದು ಹೆಸರಿಟ್ಟಿದ್ದರು. ಸೆರಗಿನ ಹಗ್ಗಕ್ಕೆ ಜಾರುಗಂಟು, ಅದರ ತುದಿ ಬಾಲದಂತೆ ನೇತಾಡುತ್ತದೆ. ಗಾಳಿ ಬಂದರೆ ಬಾಲ ಎಳೆಯಬೇಕು, ಸೆರಗು ಕೆಳಗಿಳಿದು ಬಾಗಿಲು ಮುಚ್ಚುತ್ತದೆ. ನಡು ಹಗ್ಗಕ್ಕೆ ಮಾತ್ರ ಕಗ್ಗಂಟು. ಕಡ್ಡಿ ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಹಾಕಿ ಗಡ್ಡೆಯಂತೆ ಮಾಡಿದ್ದಳು. ನೋಡಲು ಅಸಹ್ಯ, ಆದರೆ ಎತ್ತು ಎಳೆದರೂ ಬಿಡದು.

ಕೆಲಸ ಮುಗಿಸಿ ಹುಡುಗಿಯರು ತೋಪಿನ ಅಂಚಿನ ನಲ್ಲಿಗೆ ನೀರು ತರಲು ಹೋದರು. ಅತ್ತಿಗೆ ಕೈ ಮುಂದೆ ಮಾಡಿಕೊಂಡು ಅವರ ಹಿಂದೆಯೇ, ಎಲ್ಲರಿಗೂ ಕಾಣುವ ಹಾಗೆ ಹೋದರು. ಡೇರೆಯ ಹತ್ತಿರ ಉಳಿದವಳು ಚಿಕ್ಕಕ್ಕ. ಮೇಡಂ ಬರುವ ಹೊತ್ತು. ಅವಳು ಡೇರೆಯನ್ನು ಹಿಂದಿನಿಂದ ನೋಡಿದಳು, ಮುಂದಿನಿಂದ ನೋಡಿದಳು. ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು. ಆಮೇಲೆ ಬೆಕ್ಕಿನ ಮರಿಗಳು ಹೊರಗೆ ಬಂದವು. ನಡು ಹಗ್ಗದ ಗಡ್ಡೆಯನ್ನು ಕಷ್ಟಪಟ್ಟು ಬಿಚ್ಚಿ, ತರಬೇತಿಯಲ್ಲಿ ಕಲಿತ ಅಂದದ ಜಾರುಗಂಟು ಹಾಕಿದಳು, ಉಡುಗೊರೆಯ ಪೊಟ್ಟಣಕ್ಕೆ ಹಾಕಿದ ಹಾಗೆ. ಸೆರಗಿನ ಹಗ್ಗದ ಬಾಲ ಮರೆತು ಬಿಟ್ಟದ್ದೆಂದು ತಿಳಿದು ಅದನ್ನು ಸುತ್ತಿ ಬಿಗಿದು ಕಟ್ಟಿದಳು. ಈಗ ನೇತಾಡುವ ಬಾಲ ಒಂದೇ, ಅದು ನಡು ಹಗ್ಗದ್ದು.

ನನಗೆ ಹಗ್ಗ ಮಾರುವುದು ಗೊತ್ತು, ಡೇರೆ ಎತ್ತುವುದು ಗೊತ್ತಿಲ್ಲ. ಚೆನ್ನಾಗಿಯೇ ಕಾಣುತ್ತದೆ ಎಂದುಕೊಂಡೆ.

ಮೇಡಂ ಬಂದರು, ಡೇರೆಯೊಳಗೆ ಮಡಚು ಸ್ಟೂಲಿನ ಮೇಲೆ ಕೂತರು, ಕೊಡೆಯನ್ನು ಮೊಣಕಾಲಿಗೆ ಒರಗಿಸಿಕೊಂಡರು. ಕಡ್ಡಿ ಎದುರಿಗೆ ನಿಂತು, ಎದೆಯುಬ್ಬಿಸಿ, "ಮೇಡಂ, ಈಗ ಗಾಳಿ ಬಂತು ಅಂತ ಇಟ್ಕೊಳ್ಳಿ" ಎಂದು ಬಾಲ ಎಳೆದಳು.

ಇಡೀ ಟಾರ್ಪಾಲು ಬುಸ್ಸೆಂದು ಕೆಳಗೆ ಬಿತ್ತು. ಮೇಡಂ ಇದ್ದ ಜಾಗದಲ್ಲಿ ಒಂದು ದಿಬ್ಬ ಉಳಿಯಿತು. ದಿಬ್ಬದೊಳಗಿಂದ ಗಂಜಿ ಹಾಕಿದ ಧ್ವನಿ ಬಂತು: "ಬಂತು."

ಹುಡುಗಿಯರು ಟಾರ್ಪಾಲು ಎತ್ತಿ ಅವರನ್ನು ಹೊರಗೆ ತೆಗೆದರು. ಪೆಟ್ಟೇನೂ ಆಗಿರಲಿಲ್ಲ, ಕೂದಲು ಮಾತ್ರ ಕೆದರಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಈ ಗಂಟು ಹಾಕಿದ್ದು ಯಾರು ಎಂದು ಕೇಳಿದರು. ಕಡ್ಡಿ ನಾನೇ ಎಂದಳು. ಅವಳಿಗೆ ಗೊತ್ತಿದ್ದ ಸತ್ಯ ಅಷ್ಟೇ. ಅವಳ ಗುಂಪಿನವರೇ ಅವಳನ್ನು ದುರುಗುಟ್ಟಿ ನೋಡಿದರು. ಚಿಕ್ಕಕ್ಕನ ಬಾಯಿ ತೆರೆಯಿತು, ಮುಚ್ಚಿತು. ಮೇಡಂ ಹೂಂ ಎಂದು ಅಡುಗೆಯ ಕಡೆ ನಡೆದರು. ಕಡ್ಡಿ ಮರದ ಬುಡದಲ್ಲಿ ಕೂತು ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿದಳು, ತನ್ನ ಕೈ ತನಗೇ ಮೋಸ ಮಾಡಿತೆನ್ನುವ ಹಾಗೆ.

ನನಗೆ ತಡೆಯಲಾಗಲಿಲ್ಲ. ಅತ್ತಿಗೆಯನ್ನು ಹಗ್ಗದ ಹತ್ತಿರ ಕರೆದು ಕಂಡದ್ದನ್ನು ಹೇಳಿದೆ.

"ನೀನು ನೋಡಿದ್ದು ನಿನ್ನ ಹತ್ರಾನೇ ಇರ್ಲಿ" ಎಂದರು.

"ಅಲ್ಲ ಅತ್ತಿಗೆ, ಆ ಮಗು ಸುಮ್‌ಸುಮ್ನೆ ಬೈಸ್ಕೊಳ್ತಾ ಇದೆ."

"ಗೊತ್ತು. ಸಂಜೆ ಸುತ್ತಿನವರೆಗೂ ಬಿಡ್ತೀನಿ. ಅವಳೇ ಹೇಳಿದ್ರೆ ಸರಿ."

"ಹೇಳದಿದ್ರೆ?"

"ನಾನು ಹೇಳ್ತೀನಿ. ಮಾಡದ ತಪ್ಪನ್ನ ತಲೆ ಕೆಳಗಿಟ್ಕೊಂಡು ಯಾವ ಮಗೂನೂ ಮಲಗಬಾರ್ದು. ಆದ್ರೆ ಅದು ನನ್ನ ಬಾಯಿಂದ ಬಂತು ಅಂದ್ರೆ, ಮುಂದಿನ ಭಾನುವಾರ ಬೀಗ ತಗೊಂಡು ಬಾ. ಒಳ್ಳೇದು ನೋಡಿ ತಾ."

ಸಂಜೆ ಸುತ್ತು ಎಂದರೆ ದಳದ ಇನ್ನೊಂದು ಪದ್ಧತಿ. ಹೊತ್ತು ಮುಳುಗುವ ಮುಂಚೆ ಎಲ್ಲರೂ ದುಂಡಗೆ ಕೂತು, ಇವತ್ತು ನಾನು ಮಾಡಿದ ತಪ್ಪು ಏನೆಂದು ಒಬ್ಬೊಬ್ಬರಾಗಿ ಹೇಳಬೇಕು. ಮೊದಲು ಅಕ್ಕಂದಿರು, ಆಮೇಲೆ ಮಕ್ಕಳು. ದೊಡ್ಡವರು ತಮ್ಮದನ್ನು ಹೇಳುವವರೆಗೆ ಮಕ್ಕಳು ಹೇಳಬೇಕಾಗಿಲ್ಲ. ಇದನ್ನು ಹಾಕಿಕೊಟ್ಟವರೂ ಅತ್ತಿಗೆಯೇ. ಈ ಪದ್ಧತಿಯನ್ನು ನಮ್ಮ ವರ್ತಕರ ಸಂಘದಲ್ಲಿ ತಂದರೆ ಎಷ್ಟು ಜನ ಸಭೆಗೆ ಬಂದಾರು ಎಂದು ನಾನು ಆಗಾಗ ಯೋಚಿಸುವುದುಂಟು.

ಮೇಡಂ ಕೂಡ ಸುತ್ತಿನಲ್ಲಿ ಕೂತರು. ಅತ್ತಿಗೆ ಶುರುಮಾಡಿದರು. ಎಳೆಯುವ ಮುಂಚೆ ತಲೆ ಎತ್ತಿ ನೋಡು ಎಂದು ಕಡ್ಡಿಗೆ ನೆನಪಿಸಬೇಕಾದವಳು ನಾನು, ಮೇಡಂ ಬಂದ ಗಡಿಬಿಡಿಯಲ್ಲಿ ಮರೆತೆ ಎಂದರು. ಮುಂದಿನ ಸರದಿ ಚಿಕ್ಕಕ್ಕನದು. ಅವಳು ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತಿದಳು. ಸಕ್ಕರೆ ಡಬ್ಬಿ ಮನೆಯಲ್ಲೇ ಬಿಟ್ಟು ಬಂದೆ, ಅದೇ ನನ್ನ ತಪ್ಪು ಎಂದಳು. ಸವಕಲು ನಾಣ್ಯ ಕೊಡುವವರ ಕಣ್ಣು ಎಲ್ಲಿರುತ್ತದೆಂದು ನಾನು ದಿನವೂ ನೋಡುತ್ತೇನೆ. ಅವಳ ಕಣ್ಣು ಅಲ್ಲೇ ಇತ್ತು, ನೆಲದ ಮೇಲೆ. ನಾನು ಮನಸ್ಸಿನಲ್ಲೇ ಬೀಗಗಳ ಕಪಾಟು ತೆರೆದೆ.

ಕಡ್ಡಿಯ ಸರದಿ ಬಂತು. ಅವಳು ಎದ್ದು ನಿಂತು, ನಾಯಕಿಯ ಸೀಟಿಯನ್ನು ಕೊರಳಿಂದ ತೆಗೆದು ಮುಂದೆ ಇಟ್ಟಳು. ಗಂಟು ಸರಿಯಾಗಿ ಹಾಕಿದ್ದೇನೆಂದೇ ತನಗೆ ಈಗಲೂ ಅನಿಸುತ್ತಿದೆ, ಆದರೂ ಬಿಚ್ಚಿಕೊಂಡಿತು, ಹಾಗಾದರೆ ತನಗೆ ಗಂಟು ಹಾಕಲು ಬರುವುದಿಲ್ಲ ಎಂದೇ ಅರ್ಥ, ಇನ್ನು ಮೇಲೆ ಬೇರೆ ಯಾರಾದರೂ ನಾಯಕಿಯಾಗಲಿ ಎಂದಳು. ಅಳಲಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿ ಕೂತಳು.

ಅತ್ತಿಗೆಯ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿತ್ತು. ಅದು ಸಡಿಲವಾಗುವುದು ನನಗೆ ಕಂಡಿತು. ಅವರು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಚಿಕ್ಕಕ್ಕ ಎದ್ದಳು.

"ನಂದು ಮುಗಿದಿಲ್ಲ" ಎಂದಳು. "ಸಕ್ಕರೆ ಡಬ್ಬಿ ಸುಳ್ಳು. ಅಲ್ಲ, ಮರ್ತಿದ್ದು ನಿಜ, ಆದ್ರೆ ಅದಲ್ಲ ತಪ್ಪು. ನೀವು ನೀರಿಗೆ ಹೋದಾಗ ನಿಮ್ಮ ಗಂಟು ಬಿಚ್ಚಿ ನಾನು ಬೇರೆ ಹಾಕ್ದೆ. ಬಾಲಾನೂ ನಾನೇ ಕಟ್ಟಿಬಿಟ್ಟೆ. ಡೇರೆ ಬೀಳಿಸಿದ್ದು ನಾನು. ಮಧ್ಯಾಹ್ನದಿಂದ ಗೊತ್ತಿದ್ದೂ ಸುಮ್ನಿದ್ದೆ."

ಕಡ್ಡಿ ಅವಳನ್ನು ನೋಡಿದಳು. "ಯಾಕಕ್ಕ? ನಮ್ದು ಗಟ್ಟಿ ಇರ್ಲಿಲ್ವಾ?"

"ಇತ್ತು. ನೋಡೋಕೆ ಚೆನ್ನಾಗಿರ್ಲಿಲ್ಲ."

"ನಿಮ್ದು ನೋಡೋಕೆ ಚೆನ್ನಾಗಿತ್ತು" ಎಂದಳು ಕಡ್ಡಿ.

ಮೊದಲು ನಕ್ಕವರು ಯಾರೆಂದು ಗೊತ್ತಾಗಲಿಲ್ಲ. ಸುತ್ತು ಪೂರ್ತಿ ನಕ್ಕಿತು. ಚಿಕ್ಕಕ್ಕ ನಗುತ್ತ ಅಳುತ್ತ ಸೀಟಿಯನ್ನು ಎತ್ತಿ ಕಡ್ಡಿಯ ಕೊರಳಿಗೆ ಹಾಕಿದಳು. ಸುತ್ತಿನ ಪದ್ಧತಿಯಂತೆ, ತಪ್ಪು ಮಾಡಿದವರು ಅದನ್ನು ಹೇಗೆ ಸರಿಪಡಿಸಬೇಕೆಂದು ಹೇಳುವ ಹಕ್ಕು, ಆ ತಪ್ಪಿನಿಂದ ನೊಂದವರದು. ಕಡ್ಡಿ ಬಹಳ ಹೊತ್ತು ಯೋಚಿಸಲಿಲ್ಲ.

"ಬೆಳಿಗ್ಗೆ ನಾವು ಮತ್ತೆ ಕಟ್ತೀವಿ. ನೀವು ಹತ್ರಾನೇ ನಿಂತ್ಕೋಬೇಕು. ಕೈ ಹಿಂದೆ."

ಮೇಡಂ ಎದ್ದು, ಬಟ್ಟೆಯ ಮೇಲಿನ ಹುಲ್ಲು ಕೊಡವಿ, ನಾನಿದ್ದ ಕಡೆಗೆ ಬಂದರು. ವ್ಯಾನಿನ ಬಾಗಿಲು ತೆಗೆದೆ. ಅವರು ಹತ್ತಲಿಲ್ಲ. ನೀವು ಹೋಗಿ, ನಾನು ಇಲ್ಲೇ ಉಳಿಯುತ್ತೇನೆ, ಬೆಳಿಗ್ಗೆ ಬರುವಾಗ ಬ್ರೆಡ್ಡು ಜಾಸ್ತಿ ತನ್ನಿ ಎಂದರು. ಆಗಬಹುದೋ ಆಗದೋ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಚೌಕಾಸಿಯಲ್ಲಿ ಪಳಗಿದವರು ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ಆ ಹೆಂಗಸು ನನ್ನ ಕಸುಬಿಗೆ ಬಂದಿದ್ದರೆ ನಾನು ಅಂಗಡಿ ಮುಚ್ಚಬೇಕಾಗುತ್ತಿತ್ತು.

ಬೆಳಿಗ್ಗೆ ಬ್ರೆಡ್ಡಿನೊಂದಿಗೆ ಹೋದಾಗ ನಡು ಹಗ್ಗ ಮೇಲೇರುತ್ತಿತ್ತು. ಚಿಕ್ಕಕ್ಕ ಡೇರೆಯ ಪಕ್ಕ, ಕೈ ಹಿಂದೆ. ನಾನಿದ್ದ ಕಡೆಗೆ ಅವಳ ಬೆನ್ನು; ಬೆರಳುಗಳು ಒಂದನ್ನೊಂದು ಹಿಂಡುವುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಟಾರ್ಪಾಲು ಒಂದು ಕಡೆ ಜೋತುಬಿತ್ತು. ಬೆರಳು ಹಿಂಡಿದವು. ಗೂಟ ಓರೆಯಾಗಿ ಇಳಿಯಿತು, ಮತ್ತೆ ಹಿಂಡಿದವು. ಕಡ್ಡಿ ಬೇಕೆಂದೇ ನಿಧಾನವಾಗಿ ಗಡ್ಡೆಗಂಟು ಹಾಕಿದಳು, ಹಿಂದಿನ ದಿನದ್ದಕ್ಕಿಂತ ದಪ್ಪಗೆ, ಚಿಕ್ಕಕ್ಕನ ಕಡೆ ನೋಡುತ್ತ. ಆ ಕೈಗಳು ಅಲುಗಾಡಲಿಲ್ಲ.

ಅಷ್ಟರಲ್ಲಿ ದಳದ ಎಲ್ಲರಿಗಿಂತ ಚಿಕ್ಕವಳು ಟಾರ್ಪಾಲಿನ ಮೂಲೆ ಹಿಡಿದು ಜಗ್ಗುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಳು. ಹಿಂದೆ ಚಹಾಕ್ಕೆ ಹೂಡಿದ ಒಲೆ ಉರಿಯುತ್ತಿತ್ತು. ನಾನು ಹೋ ಎನ್ನುವ ಮುಂಚೆ ಚಿಕ್ಕಕ್ಕನ ಕೈ ಮುಂದೆ ಬಂದಿತ್ತು, ಮಗುವಿನ ಭುಜ ಹಿಡಿದಿತ್ತು, ಪಕ್ಕಕ್ಕೆ ತಿರುಗಿಸಿತ್ತು. ಮತ್ತೆ ಬೆನ್ನ ಹಿಂದೆ ಹೋಗಿತ್ತು. ಮಗು ಮೂಲೆಯನ್ನು ಬಿಡದೆ, ಈ ಸಲ ಒಲೆಯಿಲ್ಲದ ಕಡೆಗೆ ಜಗ್ಗುತ್ತ ಹೋಯಿತು. ಚಿಕ್ಕಕ್ಕನಿಗೆ ತಾನೇನು ಮಾಡಿದೆನೆಂದು ಗೊತ್ತಿದ್ದಂತೆಯೂ ಕಾಣಲಿಲ್ಲ.

ಅತ್ತಿಗೆ ಮೇಡಮ್ಮನ ಕಡೆ ನೋಡಲಿಲ್ಲ. ಮೇಡಂ ಅತ್ತಿಗೆಯ ಕಡೆ ನೋಡಲಿಲ್ಲ. ಇಬ್ಬರೂ ಬಹಳ ಗಮನವಿಟ್ಟು ಬ್ರೆಡ್ಡು ತಿಂದರು.

ಡೇರೆ ನಿಂತಿತು. ಒಂದು ಕಡೆ ವಾಲಿತ್ತು, ಆದರೆ ಬಾಲ ಎಳೆದಾಗ ಸೆರಗು ಮಾತ್ರ ಇಳಿಯಿತು. ಮೇಡಂ ಈ ಸಲವೂ ಒಳಗೇ ಕೂತಿದ್ದರು, ಕೊಡೆಯನ್ನು ಮಾತ್ರ ಬಿಚ್ಚಿ ಹಿಡಿದುಕೊಂಡು.

ವಾಪಸು ಬರುವಾಗ ಅತ್ತಿಗೆಯೂ ಮೇಡಮ್ಮೂ ವ್ಯಾನಿನಲ್ಲಿ ಮುಂದುಗಡೆ ಕೂತಿದ್ದರು. ಹುಡುಗಿಯರು ಹಿಂದೆ ಬರುತ್ತಿದ್ದ ಬಸ್ಸಿನಲ್ಲಿ, ಕರೆದೊಯ್ಯಲು ಬಂದ ಇಬ್ಬರು ಅಮ್ಮಂದಿರ ಮತ್ತು ಚಿಕ್ಕಕ್ಕನ ಜೊತೆ. ಅರ್ಧ ದಾರಿಯಲ್ಲಿ ಮೇಡಂ ರಸ್ತೆಯನ್ನೇ ನೋಡುತ್ತ ಹೇಳಿದರು: "ಮಕ್ಕಳನ್ನ ಈ ಹುಡುಗಿ ಕೈಗೆ ಕೊಡಬಹುದು ಕಣ್ರೀ. ಕೈ ಎಲ್ಲಿಡಬೇಕು ಅಂತ ಗೊತ್ತಾಗಿದೆ."

ಅತ್ತಿಗೆ ಆಗಲಿ ಎಂದರು, ಅಷ್ಟೇ. ಮನೆಯಲ್ಲಿ ಅಣ್ಣ ಬಾಗಿಲು ತೆಗೆದು, ಅವರ ಮುಖ ನೋಡಿ, "ಆಯ್ತಾ?" ಎಂದ. ಅವನ ಲೆಕ್ಕದಲ್ಲಿ ಅದು ಭಾಷಣ.

ಸಭಾಂಗಣಕ್ಕೆ ಬೀಗ ಬೀಳಲಿಲ್ಲ. ನನ್ನ ಒಳ್ಳೆಯ ಬೀಗ ಇನ್ನೂ ಕಪಾಟಿನಲ್ಲೇ ಇದೆ. ಹುಡುಗಿಯರು ಮತ್ತೆ ಮೂಲೆ ಗುಡಿಸತೊಡಗಿದ್ದಾರೆ. ಪೂರ್ತಿ ಗುಡಿಸುತ್ತಾರೆಂದು ನಾನು ಹೇಳುತ್ತಿಲ್ಲ, ಮಕ್ಕಳ ವಿಷಯದಲ್ಲಿ ಅಷ್ಟು ಗ್ಯಾರಂಟಿ ಯಾವ ಅಂಗಡಿಯವನೂ ಕೊಡುವುದಿಲ್ಲ. ಅತ್ತಿಗೆ ಆರು ದಿನ ಟಾರ್ಪಾಲು ಹೊಲಿಯುತ್ತಾರೆ. ಏಳನೆಯ ದಿನ ಮೆಟ್ಟಿಲ ಮೇಲೆ ಈಗ ಇಬ್ಬರು ಕಾಣುತ್ತಾರೆ, ನಾಲ್ಕು ಕೈಯೂ ಹಿಂದೆ.

ಕಳೆದ ಭಾನುವಾರ ಬಾಗಿಲಲ್ಲಿ ನಿಂತಿದ್ದೆ. ಬೀದಿಗೆ ಹೊಸದಾಗಿ ಬಂದ ಅಂಚೆ ಕಚೇರಿಯ ಹೆಂಗಸು ಮಗಳನ್ನು ಕರೆತಂದು ಸಭಾಂಗಣದ ಮೆಟ್ಟಿಲ ಹತ್ತಿರ ಬಿಟ್ಟರು. ಗಡಿಯಾರ ನೋಡಿಕೊಂಡು ಹೊರಡುವವರಿದ್ದರು. ಚಿಕ್ಕಕ್ಕ ಒಳಗಿಂದ ಓಡಿಬಂದು, ನಗುತ್ತ, ಒಂದು ಹಗ್ಗದ ತುದಿಯನ್ನು ಅವರ ಕೈಗಿಟ್ಟು, ಒಂದ್ ನಿಮಿಷ ಹಿಡ್ಕೊಂಡಿರ್ತೀರಾ ಎಂದು ಕೇಳಿದಳು.

ಆಕೆಗೆ ಎಚ್ಚರಿಕೆ ಹೇಳಬಹುದಿತ್ತು. ಬೀದಿ ದಾಟಿದರೆ ಸಾಕಿತ್ತು. ಆದರೆ ಅಂಗಡಿಯಲ್ಲಿ ಗಿರಾಕಿ ಇದ್ದರು, ಅದೂ ಅಲ್ಲದೆ ಆ ಹಗ್ಗ ನಮ್ಮದೇ ಅಂಗಡಿಯದು, ನೂಲಿನದು, ಬಹಳ ಬಾಳಿಕೆ ಬರುತ್ತದೆ.